ಬುತ್ತಿಗಂಟು ಕಟ್ಟಿಕೊಂಡು ದ್ವೀಪಕ್ಕೆ

ದ್ವೀಪವಿಹಾರವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಜಾಹೀರಾತಿನ ಚಿತ್ರ: ಹಾಲಿನಂಥ ಮರಳು, ನೀರಿನ ಕಡೆಗೆ ಬಾಗಿದ ತೆಂಗು, ಅದರ ನೆರಳಿನಲ್ಲಿ ಕಪ್ಪು ಕನ್ನಡಕ ತೊಟ್ಟು ಒರಗಿದ ದಂಪತಿಗಳು. ಚಿತ್ರದ ಕೆಳಗೆ ಅಂದಮಾನ್, ಲಕ್ಷದ್ವೀಪ, ಮಾಲ್ದೀವ್ ಎಂಬ ಹೆಸರುಗಳು. ಅದಕ್ಕೂ ಕೆಳಗೆ, ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, ತಲೆಗೆ ಇಷ್ಟು ಎಂಬ ದರ. ನಾಲ್ಕು ತಲೆಗಳುಳ್ಳ ಸಂಸಾರದ ಯಜಮಾನನು ಗುಣಾಕಾರ ಮಾಡಿ ನೋಡಿ ಪತ್ರಿಕೆಯನ್ನು ಮಡಿಚಿಡುತ್ತಾನೆ. ದ್ವೀಪವೆಂಬುದು ಹಣವಂತರ ಸೊತ್ತೆಂಬ ಭಾವನೆ ಮನೆಯಲ್ಲಿ ಮತ್ತೊಮ್ಮೆ ಗಟ್ಟಿಯಾಗುತ್ತದೆ.

ಆದರೆ ನವಲಗುಂದ, ಕುಂದಗೋಳ, ಅಣ್ಣಿಗೇರಿ, ಕಲಘಟಗಿಗಳ ಜನಕ್ಕೆ ದ್ವೀಪವು ಬಸ್ಸಿನಲ್ಲಿ ಅರ್ಧ ದಿನದ ಹಾದಿ. ಕಾರವಾರದ ಕಡಲಿನಲ್ಲಿ ಕೂರ್ಮಗಡವಿದೆ, ದೇವಗಡವಿದೆ, ಅಂಜದೀವವಿದೆ. ಕರೀ ಮಣ್ಣಿನ ನಮ್ಮ ಬಯಲುಸೀಮೆಯವರು ಕೂರ್ಮಗಡಕ್ಕೆ ಜಾತ್ರೆಯ ನೆಪದಲ್ಲಿ ಹೋಗಿಬರುತ್ತಾರೆ. ಅದನ್ನು ಅವರು ವಿಹಾರವೆಂದು ಕರೆಯುವುದಿಲ್ಲ. ದೇವರಿಗೆ ಹೋಗಿದ್ದೆವು ಎನ್ನುತ್ತಾರೆ. ಹೆಸರು ಏನಾದರೂ ಇರಲಿ, ಆನಂದ ಒಂದೇ.

ನಮ್ಮ ಸೀಮೆಗೂ ಸಮುದ್ರಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಧಾರವಾಡ ಜಿಲ್ಲೆಯ ಮಳೆ ಎರಡು ಸಮುದ್ರಗಳಿಗೆ ಪಾಲಾಗುತ್ತದೆ. ಕುಂದಗೋಳ, ನವಲಗುಂದಗಳ ಹೊಲಗಳ ನೀರು ಬೆಣ್ಣಿಹಳ್ಳದ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಯ ದೀರ್ಘಪಯಣ ಕೈಕೊಳ್ಳುತ್ತದೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯು ಕಲಘಟಗಿಯ ಕಡೆ ಬೇಡ್ತಿಯನ್ನು ಕೂಡಿಕೊಂಡು, ಯಲ್ಲಾಪುರದ ಕಾಡಿನ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೊಸ ಹೆಸರು ಹೊತ್ತು ಅಂಕೋಲೆ ಗೋಕರ್ಣಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಪಡುವಣ ಕಡಲಿಗೆ ಹೋಗಬಯಸುವವನಿಗೆ ನದಿಯೇ ದಾರಿ ತೋರಿಸಿದೆ.

ನದಿಯ ಬೆನ್ನಿಗೇ ಹತ್ತಿಯೂ ಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಎರಿಹೊಲಗಳ ಹತ್ತಿ ಬಂಡಿಗಳನ್ನೇರಿ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗು ಹತ್ತಿ ಮುಂಬಯಿ ಸೇರಿದ ಧಾರವಾಡದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ಯೆಂದೇ ಹೆಸರಾಯಿತು. ಬೆಳೆದವರು ನಾವು, ಹೆಸರು ಬಂದರಿಗೆ! 1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಂತಾದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಮರುವರ್ಷ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನ ಆಡಳಿತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದುದಕ್ಕೆ ಕಾರವಾರದ ಬಂದರಿನ ಮೇಲಿನ ಕಣ್ಣೇ ಮುಖ್ಯ ಕಾರಣ. 1864ರಲ್ಲಿ ದೇವಗಡದ ನೆತ್ತಿಯ ಮೇಲೆ ದೀಪಸ್ತಂಭ ಬೆಳಗಿತು. ಮುಂದೆ 1880ರ ದಶಕದ ಕೊನೆಯಲ್ಲಿ ರೈಲು ಹುಬ್ಬಳ್ಳಿಯ ಕಡೆಯಿಂದ ಗೋವೆಯ ಮರ್ಮಗೋವಾ ಬಂದರಿಗೆ ಹರಿಯತೊಡಗಿದ ಮೇಲೆ ಬಂಡಿಗಳ ಸಾಲು ಕರಗಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಹಾಕುವ ಮಾತು ಇಪ್ಪತ್ತು ವರ್ಷಗಳಿಗೂ ಹಿಂದಿನದು. ಕಾಡು ಉಳಿಯಬೇಕೋ ಹಳಿ ಬೀಳಬೇಕೋ ಎಂಬ ವಾದ ನಡೆದೇ ಇದೆ. ಅಲ್ಲಿಯವರೆಗೆ ನಮಗೆ ಬಸ್ಸೇ ಗತಿ. ಗತಿಯೆಂದು ನಿಟ್ಟುಸಿರು ಬಿಡಬೇಕಾಗಿಲ್ಲ. ಈ ದಾರಿಯಲ್ಲಿ ಬಸ್ಸಿನ ಕಿಟಕಿಯೇ ಅರ್ಧ ಪ್ರವಾಸ.

ಹುಬ್ಬಳ್ಳಿಯಿಂದ ಕಾರವಾರ ಸುಮಾರು 165 ಕಿಲೋಮೀಟರು. ಕಲಘಟಗಿ ದಾಟುವವರೆಗೆ ಭತ್ತದ ಗದ್ದೆ, ಮಾವಿನ ತೋಪು, ಆಮೇಲೆ ತೇಗದ ಕಾಡು, ಯಲ್ಲಾಪುರದಲ್ಲಿ ಚಹ, ಅರಬೈಲು ಘಟ್ಟದ ತಿರುವುಗಳಲ್ಲಿ ಮಕ್ಕಳಿಗೆ ನಿಂಬೆಹಣ್ಣು. ಘಟ್ಟವಿಳಿದೊಡನೆ ಗಾಳಿಯೇ ಬೇರೆ. ನವಲಗುಂದದ ಗಾಳಿ ತುಟಿಯನ್ನು ಒಡೆಯುತ್ತದೆ. ಇಲ್ಲಿಯ ಗಾಳಿ ಅಂಗಿಯನ್ನು ಮೈಗಂಟಿಸುತ್ತದೆ.

ಪ್ರಯಾಣದ ಖರ್ಚಿನ ವಿಚಾರದಲ್ಲಿ ನಮ್ಮ ಕಾಲದ ಸಂಸಾರಗಳಿಗೆ ಹಿಂದಿನವರಿಗಿಲ್ಲದ ಅನುಕೂಲವೊಂದು ಒದಗಿದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ರಾಜ್ಯದೊಳಗಿನ ಸಾದಾ ಮತ್ತು ವೇಗದೂತ ಸರಕಾರಿ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲ. ಗಂಡ, ಹೆಂಡತಿ, ಅತ್ತೆ, ಮಗಳು ಹೊರಟರೆ ದುಡ್ಡು ತೆರಬೇಕಾದವನು ಗಂಡನೊಬ್ಬನೇ. ನಮ್ಮ ಬಸ್ಸಿನಲ್ಲಿದ್ದ ಅಣ್ಣಿಗೇರಿಯ ಮುದುಕಿಯೊಬ್ಬಳು ನಿರ್ವಾಹಕನಿಗೆ ಗುರುತಿನ ಚೀಟಿ ತೋರಿಸುತ್ತ, “ನಮ್ಮ ಮನಿಯವರು ಇದ್ದಾಗ ಹುಬ್ಬಳ್ಳಿ ಸೈತ ತೋರಸಲಿಲ್ಲ ತಮ್ಮಾ, ಈಗ ಸರಕಾರ ನನ್ನ ಕಾರವಾರಕ್ಕ ಕರಕೊಂಡು ಹೊಂಟೈತಿ” ಎಂದಳು. ಇಡೀ ಬಸ್ಸು ನಕ್ಕಿತು. ಅವಳು ಮಾತ್ರ ನಗಲಿಲ್ಲ.

ಊಟದ ಖರ್ಚನ್ನು ನಮ್ಮ ಹಿರಿಯರು ಎಂದೋ ಬಗೆಹರಿಸಿಟ್ಟಿದ್ದಾರೆ. ಸಂಕ್ರಾಂತಿಗೆ ಹೊಳೆಯ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗುವ ಜನ ನಾವು. ಸಜ್ಜಿಯ ರೊಟ್ಟಿ, ಜೋಳದ ಕಟಕರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಎಣ್ಣೆಗಾಯಿ, ಒಂದು ಡಬ್ಬಿ ಶೇಂಗಾ ಹೋಳಿಗೆ: ಎರಡು ದಿನಕ್ಕೆ ಧಾರಾಳವಾಯಿತು. ಒಂದು ಸಂಗತಿಯನ್ನು ಮಾತ್ರ ಗೃಹಿಣಿಯರು ಗಮನದಲ್ಲಿಡಬೇಕು. ನಮ್ಮೂರಲ್ಲಿ ತಿಂಗಳಾದರೂ ಕಟಕಟ ಎನ್ನುವ ರೊಟ್ಟಿ ಕಡಲ ಗಾಳಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿಬಿಡುತ್ತದೆ. ಡಬ್ಬಿಯ ಬಾಯನ್ನು ಬಿಗಿಯಾಗಿ ಮುಚ್ಚಬೇಕು, ಇಲ್ಲವೇ ಮೊದಲ ದಿನವೇ ರೊಟ್ಟಿ ಮುಗಿಸಿ ಎರಡನೆಯ ದಿನಕ್ಕೆ ಅವಲಕ್ಕಿ ಉಳಿಸಿಕೊಳ್ಳಬೇಕು. ಹಾಸಲು ಹಳೆಯ ಕೌದಿ ಸಾಕು. ನವಲಗುಂದದ ಜಮಖಾನೆಯನ್ನು ಉಪ್ಪುಮರಳಿನ ಮೇಲೆ ಹಾಸುವ ಎದೆಗಾರಿಕೆ ಯಾರಿಗಿದೆ? ರಾತ್ರಿಯ ವಸತಿಗೆ ಕಡಲಿಗೆ ಮುಖಮಾಡಿದ ಕೋಣೆ ಬೇಡ. ಬಸ್ ನಿಲ್ದಾಣದ ಆಸುಪಾಸಿನ ಸಾದಾ ವಸತಿಗೃಹದಲ್ಲಿ ನಿದ್ದೆ ಅಷ್ಟೇ ಚೆನ್ನಾಗಿ ಬರುತ್ತದೆ. ಕಡಲು ನೋಡಲು ಹಗಲೆಲ್ಲ ಇದೆ, ಅದಕ್ಕೆ ಬಾಡಿಗೆಯಿಲ್ಲ. ತರುಣ ರವೀಂದ್ರನಾಥ ಟಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದಾಗ ಕಂಡು ಮರುಳಾದ ದಂಡೆಯೇ ಈಗ ಅವರ ಹೆಸರು ಹೊತ್ತಿದೆ. ಸಂಜೆ ಅಲ್ಲಿ ಕೌದಿ ಹಾಸಿ ಕುಳಿತರೆ ಬೇರೆ ಕಾರ್ಯಕ್ರಮ ಬೇಕಾಗದು.

ಆ ಮುದುಕಿಯನ್ನು ನಾವು ಮತ್ತೆ ಕಂಡದ್ದು ಅಲ್ಲಿಯೇ. ನೀರಿನಂಚಿನಲ್ಲಿ ಸೆರಗು ಎತ್ತಿಕಟ್ಟಿ ನಿಂತು, ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ಮುಟ್ಟಿಸಿ ಉಗುಳಿ, ಸೊಸೆಯ ಕಡೆ ತಿರುಗಿ ನುಡಿದಳು: “ಇಷ್ಟ ನೀರ ಐತಿ, ಒಂದ ತಂಬಿಗಿ ಕುಡ್ಯಾಕ ಬರೂದಿಲ್ಲಲ್ಲವಾ!” ಬಾವಿ ತೋಡಿದರೆ ಸವಳು ನೀರು ಬರುವ, ಕೆರೆಯ ನೀರನ್ನು ಕೊಡದಲ್ಲಿ ಅಳೆದು ಬಳಸಿದ ಊರಿನವಳ ಮಾತದು. 1980ರಲ್ಲಿ ನವಲಗುಂದ ನರಗುಂದಗಳ ರೈತರು ಮಲಪ್ರಭೆ ಕಾಲುವೆಯ ಕರದ ವಿರುದ್ಧ ಎದ್ದು ಗುಂಡಿಗೆ ಎದೆಯೊಡ್ಡಿದ್ದರು. 2015ರಿಂದ ಮಹದಾಯಿಯ ನೀರಿಗಾಗಿ ಅದೇ ನೆಲದಲ್ಲಿ ಧರಣಿ ಕೂತರು. ಅಂಥ ನೆಲದ ಕಣ್ಣಿಗೆ ಸಮುದ್ರವೆಂದರೆ ಬರಿಯ ಸೊಬಗಲ್ಲ, ಒಂದು ಬೆರಗು. ಒಂದಿಷ್ಟು ಸಿಟ್ಟು ಕೂಡ.

ಇನ್ನು ದ್ವೀಪದ ಮಾತು. ಅಂಜದೀವಕ್ಕೆ 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ತಂಗಿದ್ದವು. ಇಂದು ಅದು ನೌಕಾಪಡೆಯ ಅಧೀನದಲ್ಲಿದೆ, ನಮಗೆ ಅಲ್ಲಿ ಪ್ರವೇಶವಿಲ್ಲ. ದೇವಗಡವನ್ನು ದೂರದಿಂದ ನೋಡಿದರಾಯಿತು. ನಮ್ಮ ಜನ ಹೋಗುವುದು ಕೂರ್ಮಗಡಕ್ಕೆ. ಹೆಸರಿಗೆ ತಕ್ಕಂತೆ ಅದು ಕಡಲಿನಿಂದ ಬೆನ್ನೆತ್ತಿದ ಆಮೆ. ಮೇಲೆ ನರಸಿಂಹನ ಗುಡಿ. ಪುಷ್ಯ ಹುಣ್ಣಿಮೆಗೆ, ಎಂದರೆ ಬಾದಾಮಿಯಲ್ಲಿ ಬನಶಂಕರಿಯ ತೇರೆಳೆಯುವ ಅದೇ ಬನದ ಹುಣ್ಣಿಮೆಗೆ, ಇಲ್ಲಿ ಜಾತ್ರೆ. ಅಂದು ಮೀನುಗಾರರ ದೋಣಿಗಳು ಭಕ್ತರನ್ನು ದ್ವೀಪಕ್ಕೆ ಮುಟ್ಟಿಸುತ್ತವೆ. ಹರಕೆ ಹೊತ್ತವರು ಬಾಳೆಗೊನೆ ಒಪ್ಪಿಸುತ್ತಾರೆ. ಆಗ ಸುಗ್ಗಿಯ ದಿನಗಳು. ಒಂದಿಷ್ಟು ಹತ್ತಿ, ಒಂದಿಷ್ಟು ಮೆಣಸಿನಕಾಯಿ ಮಾರಿದ ರೊಕ್ಕ ರೈತನ ಕೈಯಲ್ಲಿರುತ್ತದೆ. ಚಳಿ ಹಿತವಾಗಿರುತ್ತದೆ. ಬಡವರ ದ್ವೀಪಯಾತ್ರೆಗೆ ಪಂಚಾಂಗವೇ ಮುಹೂರ್ತವಿಟ್ಟಂತಿದೆ.

ಈ ಮುಹೂರ್ತದ ಮೇಲೆ ಒಂದು ಕಪ್ಪು ನೆರಳೂ ಇದೆ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿತು. ಹದಿನಾರು ಮಂದಿ ಸತ್ತರು. ಅವರಲ್ಲಿ ಮಕ್ಕಳಿದ್ದರು, ನಮ್ಮ ನೆರೆಯ ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದ ಒಂದೇ ಮನೆತನದವರೂ ಇದ್ದರು. ದೋಣಿಯಲ್ಲಿ ಮಿತಿಮೀರಿ ಜನ ತುಂಬಿದ್ದರೆಂದೂ ಜೀವರಕ್ಷಕ ಅಂಗಿಗಳು ಮೈಮೇಲಿರಲಿಲ್ಲವೆಂದೂ ಆಗ ವರದಿಯಾಯಿತು. ಬಯಲುಸೀಮೆಯವರಾದ ನಮ್ಮಲ್ಲಿ ಈಜು ಬಲ್ಲವರು ಅಪರೂಪ. ಬಲ್ಲವರು ಕಲಿತದ್ದು ಬಾವಿಯಲ್ಲಿ, ಬಾವಿಗೆ ಅಲೆಯಿಲ್ಲ. ಬಸ್ಸಿನಲ್ಲಿ ಒತ್ತಿಕೊಂಡು ಕೂರುವ ನಮ್ಮ ಅಭ್ಯಾಸ, “ಇನ್ನ ಇಬ್ಬರ ಹಿಡೀತಾರ ತಗೋರಿ” ಎನ್ನುವ ನಮ್ಮ ಧಾರಾಳತನ ನೆಲದ ಮೇಲೆ ಸದ್ಗುಣ, ನೀರಿನ ಮೇಲೆ ಮೃತ್ಯು.

ಆದ್ದರಿಂದ ರೊಟ್ಟಿಯಲ್ಲಿ, ಕೋಣೆಯಲ್ಲಿ, ಟಿಕೀಟಿನಲ್ಲಿ ಉಳಿಸಿದ ಹಣವನ್ನೆಲ್ಲ ದೋಣಿಯ ಸಲುವಾಗಿ ಉಳಿಸಿದ್ದೇವೆಂದೇ ಎಣಿಸಬೇಕು. ತುಂಬಿದ ದೋಣಿ ಅಗ್ಗಕ್ಕೆ ಕರೆದರೆ ಹತ್ತದೆ ಮುಂದಿನದಕ್ಕೆ ಕಾಯಬೇಕು. ಮನೆಯ ಪ್ರತಿಯೊಬ್ಬರಿಗೂ, ಕಂಕುಳ ಕೂಸಿಗೂ, ರಕ್ಷಕ ಅಂಗಿಯಿದೆಯೇ ಎಂದು ಕೇಳಿ ಹತ್ತಬೇಕು. ಕೂಸಿನ ಅಳತೆಯದು ಇಲ್ಲವಾದರೆ ತಾಯಿ ಕೂಸುಗಳು ದಂಡೆಯಲ್ಲಿ ಉಳಿಯುವುದೇ ಲೇಸು. ಗಾಳಿಯೆದ್ದಿದೆ ಎಂದು ಮೀನುಗಾರನು ತಲೆಯಾಡಿಸಿದರೆ ಎರಡು ಪಟ್ಟು ಹಣ ತೋರಿಸಿ ಒಲಿಸಲು ಹೋಗಬಾರದು. ಸಂಜೆಯ ಕಡೆಯ ದೋಣಿಗೆ ನೂಕುನುಗ್ಗಲು ಹೆಚ್ಚು. ಪೂಜೆ ಮುಗಿದೊಡನೆ ಮಧ್ಯಾಹ್ನವೇ ಮರಳುವವರು ಜಾಣರು.

ನಾವು ಕುಳಿತ ದೋಣಿಯಲ್ಲಿ ಅಣ್ಣಿಗೇರಿಯ ಮುದುಕಿಯ ಇಳಕಲ್ಲ ಸೀರೆಯ ಮೇಲೆ ಕಿತ್ತಳೆ ಬಣ್ಣದ ಅಂಗಿಯನ್ನು ಬಿಗಿದಾಗ, “ಇದಕ್ಕ ಬ್ಯಾರೆ ಬಾಡಗಿ ಏನಪಾ?” ಎಂದು ಅನುಮಾನದಿಂದ ಕೇಳಿದಳು.

“ಇಲ್ಲ ಅಮ್ಮ, ಅದ್ಕೆ ದುಡ್ಡಿಲ್ಲ. ಹಾಕ್ಕೊಳ್ಳದೇ ಇದ್ರೆ ದೋಣಿ ಬಿಡೂದಿಲ್ಲ ಅಷ್ಟೇ” ಎಂದ ಹುಡುಗ.

“ಹಂಗಾರ ಇನ್ನಟ ಬಿಗಿ” ಎಂದಳು.

ದ್ವೀಪದ ಮೇಲೆ ನೋಡಲು ಅರಮನೆ ಇಲ್ಲ, ಕೊಳ್ಳಲು ಪೇಟೆಯಿಲ್ಲ. ಕುಡಿಯುವ ನೀರನ್ನು ದಂಡೆಯಿಂದಲೇ ಒಯ್ಯಬೇಕು. ದಿಬ್ಬವೇರಿ ಗುಡಿಯ ಬಳಿ ನಿಂತರೆ ಒಂದು ಕಡೆ ಕಾಳೀ ನದಿಯ ಅಳಿವೆ, ಅದರ ನೆತ್ತಿಗೆ ಸದಾಶಿವಗಡ, ಹಿಂದೆ ನೀಲಿಯಾಗಿ ಸಹ್ಯಾದ್ರಿ. ಇನ್ನೊಂದು ಕಡೆ ದೇವಗಡದ ದೀಪಸ್ತಂಭ. ಅದರಾಚೆ ಬರಿಯ ನೀರು. ನವಲಗುಂದದ ಬಯಲಿನಲ್ಲಿ ನಿಂತವನಿಗೆ ದಿಗಂತ ಹೊಸದಲ್ಲ. ಅಲ್ಲಿಯೂ ನೆಲ ಮುಗಿಲು ಕೂಡುವವರೆಗೆ ಕಣ್ಣಿಗೆ ತಡೆಯಿಲ್ಲ. ಆದರೆ ಆ ಬಯಲಿನ ಅಂಚಿನಲ್ಲಿ ಯಾವುದೋ ಊರಿನ ಗಿಡಮರ ಕಾಣುತ್ತದೆ. ಇಲ್ಲಿ ಕಾಣುವುದಿಲ್ಲ. ಜತೆಯಲ್ಲಿದ್ದ ಕುಂದಗೋಳದ ರೈತರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, “ಇದಕ್ಕ ಬದುವs ಇಲ್ಲ ನೋಡ್ರಿ” ಎಂದರು.

ಇನ್ನೆರಡು ದಿನ ರಜೆಯುಳ್ಳವರು ಕಾರವಾರದಿಂದ ಕೊಂಕಣ ರೈಲಿನ ಸಾದಾ ಗಾಡಿಯಲ್ಲಿ ಉಡುಪಿಗೆ ಹೋಗಿ, ಮಲ್ಪೆಯ ಬಂದರಿನಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪವನ್ನು ನೋಡಿಬರಬಹುದು. ಆರು ಮೂಲೆ, ಐದು ಮೂಲೆಗಳಾಗಿ ಕಡೆದಿಟ್ಟಂತಿರುವ ಅಲ್ಲಿಯ ಶಿಲಾಸ್ತಂಭಗಳನ್ನು 1979ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಯಿತು. ಮಡಗಾಸ್ಕರ ನಮ್ಮ ದೇಶದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ ಅದು. ಬಲು ಪ್ರಾಚೀನವೆಂದು ಬೆರಗಾಗುವ ಮೊದಲು ನಮ್ಮ ಮನೆಯನ್ನು ನೆನೆಯಬೇಕು: ಧಾರವಾಡದ ಹೆಸರನ್ನೇ ಹೊತ್ತ ಶಿಲಾಸ್ತರಗಳಿಗೆ 250 ಕೋಟಿ ವರ್ಷಗಳಿಗೂ ಮಿಕ್ಕಿ ವಯಸ್ಸಾಗಿದೆ, ಅವುಗಳ ಮುಂದೆ ಮಲ್ಪೆಯ ಕಲ್ಲು ತೊಟ್ಟಿಲ ಕೂಸು. ಉಡುಪಿಯಲ್ಲಿ ಊಟದ ಚಿಂತೆಯನ್ನು ಶ್ರೀಕೃಷ್ಣನಿಗೆ ಬಿಡಬಹುದು. ಮಠದ ಪಂಕ್ತಿಯಲ್ಲಿ ಯಾತ್ರಿಕರಿಗೆ ಪ್ರಸಾದ ಭೋಜನವುಂಟು.

ಮಳೆಗಾಲದಲ್ಲಿ ಮಾತ್ರ ಈ ದಾರಿ ಹಿಡಿಯಬಾರದು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯೇ ನಿಷಿದ್ಧ; ವಿಹಾರದ ದೋಣಿಗಳು ಅದರಾಚೆಗೂ ಮಲಗಿರುತ್ತವೆ. ಗುಡ್ಡಗಳೂ ನಂಬಿಗಸ್ತವಲ್ಲ: 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡ ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ನೂಕಿತು. ದಸರೆಯ ರಜೆಯ ಬಳಿಕ ಹುಣ್ಣಿಮೆ ನೋಡಿಕೊಂಡು ಹೊರಡುವುದು ಕ್ಷೇಮ.

ಹತ್ತಿ ಇಳಿಸಿ ಮರಳುವ ಬಂಡಿಗಳು ಹಿಂದಿನ ಕಾಲದಲ್ಲಿ ಬರಿದಾಗಿ ಬರುತ್ತಿರಲಿಲ್ಲ. ಉಪ್ಪು, ತೆಂಗಿನಕಾಯಿ ಹೇರಿಕೊಂಡು ಘಟ್ಟವೇರುತ್ತಿದ್ದವು. ನಮ್ಮ ಬಸ್ಸಿನಲ್ಲಿಯೂ ಹಾಗೆಯೇ ಆಯಿತು. ಬುತ್ತಿ ಬರಿದಾದ ಚೀಲಗಳಲ್ಲಿ ಅಂಕೋಲೆಯ ನಿಲ್ದಾಣದಲ್ಲಿ ಕೊಂಡ ಮುರುಗಲ ಸಿಪ್ಪೆ, ಸಾಣಿಕಟ್ಟೆಯ ಉಪ್ಪು, ನಾಲ್ಕಾರು ಕಾಯಿಗಳು ಕುಳಿತಿದ್ದವು. ಮುದುಕಿಯ ಮಡಿಲಲ್ಲಿ ಮಾತ್ರ ಸಣ್ಣ ಬಾಟಲಿಯೊಂದಿತ್ತು. ಅದರಲ್ಲೇನೆಂದು ಕೇಳಿದಾಗ, “ಸಮುದ್ರದ ನೀರ. ನಮ್ಮ ಓಣ್ಯಾಗಿನವರು ಉಪ್ಪ ಐತಂದರ ನಂಬೂದಿಲ್ಲ” ಎಂದಳು.