ಗುದ್ದಲಿ ಹಿಡಿದ ಸೇನಾನಿ

ವ್ಯಾಸಂಗವು ಒಮ್ಮೆ ನಿಂತಿತೆಂದರೆ ಅದು ಮುಗಿದಂತೆಯೇ ಸರಿ ಎಂಬ ಭಾವನೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಇದು ಎಷ್ಟುಮಟ್ಟಿಗೆ ನಿಜವೆಂದು ವಿಚಾರಿಸಲು ಸೊಕ್ಕೆಯ ಸೀಮೆಯವರಾದ ನಾವು ಬಹುದೂರ ಹೋಗಬೇಕಾಗಿಲ್ಲ. ನಮ್ಮ ಜಗಳೂರು ತಾಲ್ಲೂಕು ೧೯೯೭ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತು. ಆ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವ್ಹೀಲರರ ಜೀವಿತವೇ ಇದಕ್ಕೆ ತಕ್ಕ ಉತ್ತರವಾಗಿದೆ.

೧೮೯೦ರಲ್ಲಿ ಜನಿಸಿದ ಇವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿ ೧೯೧೨ರಲ್ಲಿ ಎಂ.ಎ. ಪದವಿಯನ್ನು ಪಡೆದರು. ಮರುವರ್ಷ ರೋಮನರ ಹಾಳೂರೊಂದರ ಉತ್ಖನನದಲ್ಲಿ ಇವರೂ ಸೇರಿ ಐವರು ತರುಣರು ಜೊತೆಯಾಗಿ ದುಡಿದರು. ೧೯೧೪ರಲ್ಲಿ ಮಹಾಯುದ್ಧವು ಬಂದಿತು. ವ್ಹೀಲರರು ಫಿರಂಗಿ ದಳವನ್ನು ಸೇರಿದರು. ಯುದ್ಧವು ಮುಗಿದಾಗ ಆ ಐವರಲ್ಲಿ ಜೀವಸಹಿತ ಉಳಿದವರು ಇವರೊಬ್ಬರೇ. ಗೆಳೆಯರೆಲ್ಲರೂ ಬಿಟ್ಟುಹೋದ ಕೆಲಸವು ಒಬ್ಬರ ಹೆಗಲಿಗೆ ಬಿದ್ದಿತು. ಮರಳಿ ಪುಸ್ತಕ ಹಿಡಿದು, ೧೯೨೦ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಗಳಿಸಿದರು. ಪತ್ನಿ ಟೆಸ್ಸಾ ಅವರೊಡನೆ ಶ್ರಮಿಸಿ ಲಂಡನ್ನಿನಲ್ಲಿ ಪುರಾತತ್ತ್ವ ವಿದ್ಯಾಸಂಸ್ಥೆಯೊಂದನ್ನು ಕಟ್ಟಿದರು. ೧೯೩೭ರಲ್ಲಿ ಅದರ ಬಾಗಿಲು ತೆರೆದಾಗ ಆ ಮಹಿಳೆಯು ತೀರಿಕೊಂಡು ಒಂದು ವರ್ಷವಾಗಿದ್ದಿತು.

ಎರಡನೆಯ ಮಹಾಯುದ್ಧವು ಅವರನ್ನು ಪುನಃ ದಂಡಿಗೆ ಕರೆಯಿತು. ಬ್ರಿಗೇಡಿಯರ್ ಪದವಿಗೇರಿದ್ದ ಅವರು ೧೯೪೪ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದು, ತಕ್ಷಶಿಲೆಯಲ್ಲಿ ನಮ್ಮ ದೇಶದ ತರುಣರಿಗೆ ಉತ್ಖನನದ ಶಿಕ್ಷಣವನ್ನಿತ್ತರು. ಬ್ರಹ್ಮಗಿರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಎಂ. ಎಚ್. ಕೃಷ್ಣ ಅವರು ಮೊದಲೇ ಅಗೆಸಿ ದಾರಿ ತೋರಿದ್ದರು. ವ್ಹೀಲರರು ಅಲ್ಲಿ ನೆಲವನ್ನು ಚೌಕಗಳಾಗಿ ವಿಭಾಗಿಸಿ, ಮಣ್ಣಿನ ಪದರ ಪದರವನ್ನೂ ಗುರುತಿಸಿ ಅಗೆಸಿದರು. ಕಲ್ಲುಕೊಡಲಿಯ ಜನರು, ಬೃಹತ್ ಶಿಲಾಗೋರಿಗಳನ್ನು ಕಟ್ಟಿದವರು, ಅನಂತರ ಶಾತವಾಹನರ ಕಾಲದವರು ಎಂಬ ಕ್ರಮವು ಹೀಗೆ ಸ್ಪಷ್ಟವಾಯಿತು. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮನ್ ವಸ್ತುಗಳೊಡನೆ ದೊರೆತಿದ್ದಂಥ ಮಡಕೆಯ ಚೂರುಗಳು ಇಲ್ಲಿಯೂ ಸಿಕ್ಕಿದುದರಿಂದ ಕಾಲನಿರ್ಣಯಕ್ಕೆ ಆಧಾರವೊದಗಿತು. ಮುಂದಿನ ವಿದ್ವಾಂಸರು ಅವರ ಕಾಲಗಣನೆಯನ್ನು ತಿದ್ದಿ, ಮೊದಲಿನ ಪದರಗಳನ್ನು ಇನ್ನೂ ಪ್ರಾಚೀನವೆಂದು ತೋರಿಸಿರುವರು. ವಿದ್ಯೆಯು ಬೆಳೆಯುವ ರೀತಿಯೇ ಅದು.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರ ಓದನ್ನು ತಡೆದುದು ಯುದ್ಧವಲ್ಲ; ಬರಗಾಲ, ಬಡತನ, ಬೇಗನೆ ಕೂಡಿಬಂದ ವಿವಾಹ. ಆದರೂ ಮರಳುವ ದಾರಿ ಮುಚ್ಚಿಲ್ಲ. ೧೯೯೬ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಮನೆಯಲ್ಲಿದ್ದುಕೊಂಡೇ ಇತಿಹಾಸವನ್ನು ಓದಬಹುದು. ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ: ಮಗಳೋ ಸೊಸೆಯೋ ಮತ್ತೆ ಓದುವೆನೆಂದರೆ ವಯಸ್ಸನ್ನು ಎಣಿಸಬೇಡಿರಿ. ಸುವಾರ್ತೆಯ ಸಾಮ್ಯದಲ್ಲಿ ತಲಾಂತನ್ನು ನೆಲದಲ್ಲಿ ಬಚ್ಚಿಟ್ಟ ಆಳಿಗೆ ಯಜಮಾನನ ಮೆಚ್ಚಿಕೆ ದೊರೆಯಲಿಲ್ಲ. ಹೂತುಹೋದುದನ್ನು ಅಗೆದು ತೆಗೆಯುವುದಕ್ಕೆ ಇನ್ನೂ ಸಮಯವುಂಟು.