ನೀ ಇಲ್ಲದಾಗ ಛಲೋ ಇರತೈತಿ

“ಅಣ್ಣಾ, ಮತ್ತ ಸತ್ತೆ ನೋಡು!” ಸಂಶಿಯ ನಮ್ಮ ಮನೆಯ ಪಡಸಾಲೆಯಿಂದ ತಮ್ಮ ಹೀಗೆ ಕೂಗಿದರೆ ಅವ್ವ ಈಗ ಗಾಬರಿಯಾಗುವುದಿಲ್ಲ. ಸತ್ತದ್ದು ಬಿಜಿಎಂಐನಲ್ಲಿ. ರಾತ್ರಿ ಒಂಬತ್ತಕ್ಕೆ ಅವನ ಸ್ಕ್ವಾಡ್ ಸೇರುತ್ತದೆ. ಒಬ್ಬ ಪುಣೆಯಲ್ಲಿ, ಇಬ್ಬರು ಬೆಂಗಳೂರಲ್ಲಿ. ನಾಲ್ವರೂ ಇಲ್ಲೇ ಸಾಲಿ ಕಲಿತವರು. ಹೊಲ, ಅಪ್ಪ ಅಂತ ಊರಲ್ಲಿ ಉಳಿದವನು ಇವನೊಬ್ಬನೇ.

ನಾನು ಬೆಂಗಳೂರಿನ ಐಟಿಯವ. ಜೂನ್‌ನಲ್ಲಿ ಎರಡು ವಾರ ಮನೆಯಿಂದಲೇ ಕೆಲಸ ಮಾಡಲು ಬಂದಿದ್ದೆ. ನೆಟ್ ರಿಪೇರಿ ನನ್ನ ಜವಾಬ್ದಾರಿ ಅನ್ನೋ ಜಂಬ ಬೇರೆ. ಮೊದಲು 40 ಎಂಬಿಪಿಎಸ್ ಪ್ಲಾನನ್ನು 100 ಮಾಡಿಸಿದೆ. ಫರಕೇ ಬೀಳಲಿಲ್ಲ. ಆಮೇಲೆ ಗೋಡೆಯನ್ನು ಬೈದೆ. ನಮ್ಮದು ದಪ್ಪ ಮಣ್ಣಿನ ಗೋಡೆಯ ಹಳೇ ಮನೆ, 5 ಗಿಗಾಹರ್ಟ್ಸ್ ವೈಫೈಗೆ ಅದನ್ನು ದಾಟೋದು ಕಷ್ಟ. ರೂಟರನ್ನು ಪಡಸಾಲೆಗೆ ತಂದು ಅಪ್ಪನ ರುಮಾಲಿನ ಗೂಟಕ್ಕೆ ತೂಗುಹಾಕಿದೆ. ಸಿಗ್ನಲ್ ಫುಲ್. ತಮ್ಮ ಮತ್ತೆ ಸತ್ತ.

ಮೂರನೇ ರಾತ್ರಿ ಅವನು ಮುಖ ನೋಡದೇ ಅಂದ, “ಅಣ್ಣಾ, ಸಿಟ್ಟಾಗಬ್ಯಾಡ. ನೀ ಇಲ್ಲದಾಗ ಛಲೋ ಇರತೈತಿ.”

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ಪಿಂಗ್ ನೋಡುತ್ತ ಕೂತೆ. 450 ಮಿಲಿಸೆಕೆಂಡ್. ನನ್ನ ಲ್ಯಾಪ್‌ಟಾಪ್ ಮುಚ್ಚಿದೆ, 38. ತೆರೆದೆ, ಮತ್ತೆ ನಾನೂರು ದಾಟಿತು. ಆಫೀಸಿನ ಬ್ಯಾಕಪ್ ರಾತ್ರಿಯಾದರೆ ಸಾಕು, ಕ್ಲೌಡಿಗೆ ಫೈಲು ಏರಿಸುತ್ತಿತ್ತು. ಅಪ್‌ಲೋಡ್ ತುಂಬಿಹೋದರೆ ರೂಟರಿನೊಳಗೆ ಪ್ಯಾಕೆಟ್‌ಗಳ ಪಾಳಿ ನಿಲ್ಲುತ್ತದೆ. ಸೀಸನ್ನಿನಲ್ಲಿ ಬ್ಯಾಡಗಿ ಮಾರ್ಕೆಟ್ಟಿನ ಮುಂದೆ ಮೆಣಸಿನಕಾಯಿ ಲಾರಿಗಳ ಹಿಂದೆ ಸಿಕ್ಕ ಬೈಕಿನ ಹಾಗೆ, ಗೇಮಿನ ಪುಟಾಣಿ ಪ್ಯಾಕೆಟ್ ಕಾಯುತ್ತ ನಿಲ್ಲಬೇಕು. ಬಫರ್‌ಬ್ಲೋಟ್ ಅಂತಾರೆ ಇದಕ್ಕೆ. ನಾನು ರಸ್ತೆ ಅಗಲ ಮಾಡಿಸಿದಷ್ಟೂ ಲಾರಿಗಳೇ ಹೆಚ್ಚಾಗಿದ್ದವು. ಗೇಮಿಗೆ ಬೇಕಾಗಿದ್ದದ್ದು ದಾರಿ ಬಿಡೋದು, ಅಷ್ಟೇ.

ರೂಟರ್ ಸೆಟ್ಟಿಂಗಿನಲ್ಲಿ ನನ್ನ ಲ್ಯಾಪ್‌ಟಾಪಿನ ಅಪ್‌ಲೋಡಿಗೆ ಮಿತಿ ಹಾಕಿದೆ. ಬ್ಯಾಕಪ್ಪನ್ನು ರಾತ್ರಿ 2ರ ನಂತರಕ್ಕೆ ತಳ್ಳಿದೆ. ಖರ್ಚು ಸೊನ್ನೆ. (ಪ್ಲಾನನ್ನು ಸದ್ದಿಲ್ಲದೇ 40ಕ್ಕೆ ಇಳಿಸಿದ್ದು ತಮ್ಮನಿಗೆ ಇನ್ನೂ ಗೊತ್ತಿಲ್ಲ.)

ಮರುದಿನ ರಾತ್ರಿ ನಡುಮನೆಯಲ್ಲಿ ಮಲಗಿದ್ದೆ. ಮೊದಲೆಲ್ಲ ತುಂಡುತುಂಡಾಗಿ ಕೇಳುತ್ತಿದ್ದ ಪುಣೆಯವನ ದನಿ ಈಗ ಸಾಫಾಗಿ ಬರುತ್ತಿತ್ತು.

“ಸಂಶ್ಯಾಗ ಮಳಿ ಆತೇನಲೇ? ಹೆಸರು ಬಿತ್ತಿದ್ರೇನು?”

“ನಾಳೆ ಕೂರಿಗಿ ಹೂಡತೀವಿ,” ಅಂದ ತಮ್ಮ, ಗುಂಡು ಹಾರಿಸುತ್ತಲೇ.