ಹಳೇ ಲ್ಯಾಪ್‌ಟಾಪ್‌ಗೊಂದು ಕಾಟನ್ ಸೀರಿ

ಮಗಾ ಕೆಲಸಕ್ಕ ಸೇರಿದಾಗ ತನ್ನ ಹಳೇ ಲ್ಯಾಪ್‌ಟಾಪ್ ನನಗ ಕೊಟ್ಟಿದ್ದಾ. ಈ ಮನ್ಯಾಗ ನನ್ನದು ಅಂತ ಇರೋದು ಅದೊಂದ ನೋಡ್ರಿ. ನಿಮಗ ಬರಿಯೋದೂ ಅದರಾಗ.

ಹೋದ ತಿಂಗಳು ಅದಕ್ಕ ಲಿನಕ್ಸ್ ಮಿಂಟ್ ಹಾಕಿಕೊಟ್ಟಾ. ಸಿನಮನ್ ಅನ್ನೋ ಡೆಸ್ಕ್‌ಟಾಪ್, ನೋಡ್ಲಿಕ್ಕೆ ಭಾಳ ಛಂದ. ಆದ್ರ ಒಂದು ಫೈಲ್ ತಗದ್ರ ಹಾಲು ಕಾಯೋಷ್ಟು ಹೊತ್ತು! ಫ್ಯಾನ್ ಬ್ಯಾರೆ ಗೊಂಯ್ ಅಂತಿತ್ತು. "ಅವ್ವಾ, ಇದರ ಆಯುಷ್ಯ ಮುಗೀತು, ಗುಜರಿಗೆ ಹಾಕು" ಅಂದಾ. ನನ್ನ ಕಣ್ಣಾಗ ನೀರ ಬಂತು.

ಮರುವಾರ ತಂಗಿ ಮಗಳು ಬಂದಾಕಿ ನೋಡಿದ್ಲು. "ದೊಡ್ಡವ್ವಾ, ಇದರ ಗ್ರಾಫಿಕ್ಸ್ ಕಾರ್ಡ್‌ಗೆ ಈಗ ಸರಿಯಾದ ಡ್ರೈವರ್ ಸಿಗೂದಿಲ್ಲ. ಅದಕ್ಕ ನೆರಳು, ಅನಿಮೇಶನ್ ಎಲ್ಲಾ ಪ್ರೊಸೆಸರ್‌ನ ಬಿಡಿಸ್ಲಿಕತ್ತದ" ಅಂದ್ಲು. ಅಡಗಿ ಮಾಡೋಕಿಗೇ ರಂಗೋಲಿನೂ ನೀನ ಹಾಕು ಅಂದಂಗ!

ಮಿಂಟ್ ಮೂರು ನಮೂನಿ ಸಿಗ್ತದಂತ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ಕಡೀದು ಹಗುರ. ಫೋಟೊ, ಬರದದ್ದು ಎಲ್ಲಾ ಪೆನ್ ಡ್ರೈವ್‌ಗೆ ತಗದಿಟ್ಟು, ಅದನ್ನ ಹಾಕಿದ್ಲು. ಸೆಟ್ಟಿಂಗ್ಸ್‌ನ್ಯಾಗ ಕಂಪೋಸಿಟಿಂಗ್ ಅನ್ನೋದನ್ನೂ ಬಂದ್ ಮಾಡಿದ್ಲು. ನೆರಳು, ಪಾರದರ್ಶಕ ಅಂಚು ಹೋದವು, ಫ್ಯಾನ್ ಸುಮ್ಮನಾತು. ವಿಡಿಯೋ ಮಾತ್ರ ಇನ್ನೂ ಒಮ್ಮೊಮ್ಮೆ ತಡದು ನಿಲ್ತದ, 480ಕ್ಕ ಇಟ್ಟು ನೋಡ್ತೇನಿ.

ದಿನಾ ರೇಷ್ಮಿ ಸೀರಿ ಉಟ್ಟು ಭಾಂಡೆ ತಿಕ್ಕಲಿಕ್ಕೆ ಆಗ್ತದೇನ್ರಿ? ನಿಮ್ಮ ಮನ್ಯಾಗೂ ಇಂಥಾದ್ದಿದ್ರ, ಗುಜರಿಯವನ್ನ ಕರಿಯೋ ಮೊದ್ಲು ಹಗುರ ಡೆಸ್ಕ್‌ಟಾಪ್ ಒಂದನ್ನ ಪೆನ್ ಡ್ರೈವ್‌ನಿಂದಲೇ ಓಡಿಸಿ ನೋಡ್ರಿ. ಒಳಗಿಂದು ಏನೂ ಅಳಸಬೇಕಾಗಿಲ್ಲ.